ಹಿರಿಯಳ ಮನೆಯಲ್ಲಿ ಬಾಣಂತನ

ಜನವರಿ 11, 1983, ಮಂಗಳವಾರ

ರಿಗೋ ಬರುತ್ತಾಳಂತೆ. ಹೆರಿಗೆಗೆ.

ಕಾಫಿ ಅಂಗಡಿಯವನು ಅರ್ಧ ಊರಿಗೆ ಕೇಳುವ ಹಾಗೆ ಕೂಗಿದ, "ಸೆವಸ್ತೀ, ಫೋನು! ಪಿರೇಯಸ್‌ನಿಂದ ನಿನ್ನ ತಂಗಿ!" ಹಿಟ್ಟಿನ ಕೈಯಲ್ಲೇ ಓಡಿದೆ. ಎಷ್ಟೋ ವರ್ಷದಿಂದ ಹಬ್ಬಕ್ಕೊಂದು ಕಾರ್ಡು ಬಿಟ್ಟರೆ ಮಾತಿಲ್ಲ. ಯಾರೋ ಸತ್ತರೇನೋ ಅಂದುಕೊಂಡೆ.

"ಅಕ್ಕಾ, ಈ ವಾರದ ಹಡಗಿಗೆ ಬರ್ತಿದ್ದೀನಿ. ಹೆರಿಗೆ ಅಲ್ಲೇ, ನಮ್ಮನೇಲೇ."

"ಯಾಕೆ, ಪಿರೇಯಸ್‌ನಂಥ ಪಟ್ಟಣದಲ್ಲಿ ಆಸ್ಪತ್ರೆಗಳೆಲ್ಲ ಸುಟ್ಟುಹೋದ್ವಾ?"

"ಸುಟ್ಟಿಲ್ಲ. ನಂಗೆ ಬೇಡ. ನನ್ನ ಗಂಡ ನಿಕಿತಾಸ್ ಹಡಗಿನ ಕೆಲಸದಲ್ಲಿದ್ದಾನೆ, ಬರೋದು ಫೆಬ್ರವರಿ ಕೊನೆಗೆ. ಅಮ್ಮ ನಮ್ಮಿಬ್ಬರನ್ನೂ ಎಲ್ಲಿ ಹೆತ್ತಳೋ ಅಲ್ಲೇ ನಾನೂ ಹೆರ್ತೀನಿ."

ಅಷ್ಟಕ್ಕೆ ಲೈನು ಹೋಯಿತು. ಅಂಗಡಿಯಲ್ಲಿದ್ದ ಗಂಡಸರೆಲ್ಲ ಕಾಫಿ ಲೋಟದೊಳಗೆ ಮುಖ ಇಟ್ಟುಕೊಂಡು ಕೂತಿದ್ದರು.

ನಮ್ಮನೆ ಅಂದಳು. ಈ ದ್ವೀಪದಲ್ಲಿ ತಾಯಿಯ ಮನೆ ಹಿರಿಯ ಮಗಳಿಗೆ, ಹೊಲ ಹಿರಿಯ ಮಗಳಿಗೆ, ಕೊರಳಿನ ಚಿನ್ನದ ಸರವೂ ಅವಳಿಗೇ. ನಾನು ಮಾಡಿದ ಕಾನೂನಲ್ಲ. ಕಿರಿಯವಳು ಮದುವೆಯಾಗುವವರೆಗೆ ಅಕ್ಕನ ಮನೆಯಲ್ಲಿ ಕೆಲಸ ಮಾಡಿಕೊಂಡಿರುತ್ತಾಳೆ. ಅದೂ ನಾನು ಮಾಡಿದ್ದಲ್ಲ. ರಿಗೋ ನನ್ನ ಬಟ್ಟೆ ಒಗೆದಳು, ಒಲೆಮನೆಯಲ್ಲಿ ಮಲಗಿದಳು, ಹತ್ತೊಂಬತ್ತನೇ ವಯಸ್ಸಿಗೆ ಒಂದು ಪೆಟ್ಟಿಗೆ ಹಿಡಿದು ಹೇಳದೆ ಕೇಳದೆ ಹೋದಳು. ಈಗ ಹೊಟ್ಟೆ ಹೊತ್ತುಕೊಂಡು ಬರುತ್ತಾಳೆ. ಇಷ್ಟು ವರ್ಷ ನನ್ನ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ ಅನ್ನುವುದು ಅವಳಿಗೂ ಗೊತ್ತು.

ನನ್ನ ಗಂಡ ಮಿನಾಸ್ ಎದುರಿಗೆ ಇದನ್ನೆಲ್ಲ ಹೇಳಿದರೆ ಅವನಿಗೆ ತಲೆನೋವು ಬರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜನವರಿ 15, ಶನಿವಾರ

ಬಂದರಿನಿಂದ ಮೇಲೆ ಬರುವ ಲಾರಿಯಲ್ಲಿ, ಚಾಲಕನ ಪಕ್ಕ, ಸಿಮೆಂಟ್ ಚೀಲಗಳ ಮುಂದೆ ರಾಣಿಯ ಹಾಗೆ ಕೂತು ಬಂದಳು. ಇಳಿಸಲು ಇಬ್ಬರು ಗಂಡಸರು ಬೇಕಾದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಒಳಗೆ ಕರೀತೀಯಾ ಅಕ್ಕಾ, ಇಲ್ಲಾ ಹೊಸ್ತಿಲ ಮೇಲೇ ಹೆತ್ತುಬಿಡಲಾ?"

"ಮೊದಲು ಆ ಕೆಸರಿನ ಚಪ್ಪಲಿ ಬಿಡು. ಈ ಚಳೀಲಿ ಚಪ್ಪಲಿ ಹಾಕ್ಕೊಂಡು ಬಂದಿದ್ದಾಳೆ, ಪಟ್ಟಣದವಳು."

"ಕಾಲು ಊದಿದೆ ಕಣೆ. ಬೂಟು ಹಿಡಿಸಲ್ಲ."

ನೋಡಿದೆ. ನಿಜಕ್ಕೂ ಊದಿತ್ತು, ಹಿಟ್ಟು ಉಬ್ಬಿದ ಹಾಗೆ. ಮುಖದಲ್ಲಿ ಅಮ್ಮನ ಮೂಗು. ಕೂದಲು ಕತ್ತರಿಸಿಕೊಂಡಿದ್ದಾಳೆ, ಚೆನ್ನಾಗಿಲ್ಲ.

ಒಲೆಮನೆಯಲ್ಲಿ ಹಾಸಿಗೆ ಹಾಸಿಟ್ಟಿದ್ದೆ, ಬೆಚ್ಚಗಿರುತ್ತದೆ, ಅದಕ್ಕೇ. ರಿಗೋ ಆ ಹಾಸಿಗೆ ನೋಡಿದಳು, ನನ್ನನ್ನು ನೋಡಿದಳು. ಮಿನಾಸ್ ಅವಳ ಚೀಲ ಎತ್ತಿಕೊಂಡು ಸೀದಾ ನಡುಮನೆಯ ಮರದ ಅಟ್ಟಣೆಗೆ ಹತ್ತಿದ. ಅಮ್ಮ ಮಲಗುತ್ತಿದ್ದ ಜಾಗ, ನಾವು ಮಲಗುವ ಜಾಗ. ಮೂರು ಮೆಟ್ಟಿಲು ಹತ್ತಿ ಚೀಲ ಇಟ್ಟು, ಇಳಿದು, ಟೋಪಿ ಹಾಕಿಕೊಂಡು ತಾನು ಬೂಟು ಹೊಲಿಯುವ ಅಂಗಡಿಗೆ ಹೋಗಿಬಿಟ್ಟ. ವರ್ಷಕ್ಕೊಂದು ಸಲ ಗಂಡಸಾಗುತ್ತಾನೆ, ಅದೂ ನನ್ನ ವಿರುದ್ಧ.

ಒಲೆಮನೆಯಲ್ಲಿ ನಾನೂ ಅವನೂ ಮಲಗುತ್ತೇವೆ. ನಿಜವಾಗಿ ಬೆಚ್ಚಗೇನೂ ಇಲ್ಲ.

ಜನವರಿ 23, ಭಾನುವಾರ

ಅದು ಬೇಕು, ಇದು ಬೇಕು. ಹಿಟ್ಟನ್ನು ಕೈಯಲ್ಲೇ ಹೊಸೆದು ಬೇಯಿಸಿದ ಮಕರೂನೆ ಶಾವಿಗೆ ಬೇಕು, ಅಂಗಡಿಯದಾಗದು. ಮೇಲೆ ಈರುಳ್ಳಿ ಕಪ್ಪಗಾಗುವಷ್ಟು ಕರಿಯಬೇಕು. ತಿಂದು ಬೆರಳು ನೆಕ್ಕುತ್ತಾಳೆ. "ಅಕ್ಕಾ, ನೀನು ಬೈತಾ ಮಾಡಿದ್ರೂ ರುಚಿಯಾಗೇ ಇರುತ್ತೆ."

ಮಧ್ಯಾಹ್ನ ಸೂಲಗಿತ್ತಿ ಮರೂಕ್ಲಜ್ಜಿ ಬಂದಳು. ಈ ಊರಿನ ಅರ್ಧ ಜನ ಅವಳ ಕೈಗೇ ಬಿದ್ದವರು. ಮಂಡಿ ನೋವು, ಇಬ್ಬರು ಹಿಡಿದುಕೊಂಡು ಬರಬೇಕು. ಹೊಟ್ಟೆಯ ಮೇಲೆ ಕೈಯಾಡಿಸಿ, "ತಲೆ ಕೆಳಗಿದೆ, ಸರಿಯಾಗಿದೆ. ಹೆಣ್ಣು," ಅಂದಳು.

"ಹೆಣ್ಣಾದ್ರೆ ಸೊಫಿಲ್ಲಾ," ಅಂದಳು ರಿಗೋ.

ನಾನು ಕೈಯಲ್ಲಿದ್ದ ಜೇನಿನ ಬಟ್ಟಲು ಕೆಳಗಿಟ್ಟೆ. ಅಮ್ಮನ ಹೆಸರು ಅದು. ತಾಯಿಯ ತಾಯಿಯ ಹೆಸರು ಹಿರಿಯಳ ಮಗಳಿಗೆ ಹೋಗಬೇಕು. ನನಗೆ ನನ್ನಜ್ಜಿಯ ಹೆಸರು ಬಂದದ್ದು ಹಾಗೇ. ಮದುವೆಯಾದ ದಿನದಿಂದ ನಾನು ಆ ಹೆಸರು ತೆಗೆದಿಟ್ಟಿದ್ದೇನೆ.

"ಆ ಹೆಸರು ನಿಂದಲ್ಲ," ಅಂದೆ.

"ಮತ್ಯಾರದು?"

"ಹಿರಿಯಳ ಮಗಳದು."

"ಹಿರಿಯಳಿಗೆ ಮಗಳೆಲ್ಲಿದ್ದಾಳೆ ಅಕ್ಕಾ?"

ಮರೂಕ್ಲಜ್ಜಿ ತನ್ನ ಕೋಲಿಗಾಗಿ ಹುಡುಕಾಡತೊಡಗಿದಳು. ಕೋಲು ಅವಳ ಕೈಯಲ್ಲೇ ಇತ್ತು.

ಜನವರಿ 24

ಮಾತಿಲ್ಲ. ಮಕರೂನೆಯೂ ಇಲ್ಲ. ಒಣರೊಟ್ಟಿ ನೆನೆಸಿ ಕೊಟ್ಟೆ, ತಿಂದಳು.

ಫೆಬ್ರವರಿ 3, ಗುರುವಾರ

ದೀಪದ ಎಣ್ಣೆ ಮುಗಿಯುತ್ತ ಬಂದಿದೆ. ಆದರೂ ಬರೆಯಬೇಕು.

ಬೆಳಗಿನ ಜಾವ ನೀರು ಒಡೆಯಿತು. ಹೊರಗೆ ಗಾಳಿ ಹೇಗಿತ್ತೆಂದರೆ ಕಟ್ಟಿಹಾಕಿದ್ದ ಗಾಳಿಗಿರಣಿಯ ರೆಕ್ಕೆಗಳೂ ಕಿರುಗುಟ್ಟುತ್ತಿದ್ದವು. ಬಂದರಿನ ರಸ್ತೆ ಮೊನ್ನೆಯೇ ಕುಸಿದಿದೆ. ಮಿನಾಸ್ ಹೋಗಿ ಮರೂಕ್ಲಜ್ಜಿಯನ್ನು ಬೆನ್ನ ಮೇಲೆ ಹೊತ್ತು ತಂದ. ಬೆನ್ನ ಮೇಲಿಂದಲೇ ಅವಳು ಆಜ್ಞೆ ಶುರು ಮಾಡಿದಳು: "ನೀರು ಕಾಸು. ಕಿಟಕಿ ಸಂದಿಗೆ ಬಟ್ಟೆ ತುರುಕು. ಗಂಡಸು ಆಚೆಗೆ."

ನಾನು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ನೀರು ಕಾಸುತ್ತೇನೆ, ಬಟ್ಟೆ ಕೊಡುತ್ತೇನೆ, ಅಷ್ಟೇ. ಹತ್ತಿರ ನಿಲ್ಲುವುದಿಲ್ಲ.

ನೋವು ಬಂದಾಗ ರಿಗೋ ಕೂಗಲಿಲ್ಲ. ಅಟ್ಟಣೆಯ ಕಟಕಟೆ ಹಿಡಿದು ಹಲ್ಲು ಕಚ್ಚಿದಳು. ಆಮೇಲೆ ಅದೂ ಸಾಲದಾಯಿತು.

"ಹಿಂದಿನಿಂದ ಹಿಡ್ಕೋ ಅವಳನ್ನ," ಅಂದಳು ಮರೂಕ್ಲಜ್ಜಿ.

"ಮಿನಾಸ್‌ನ ಕರೀಲಾ?"

"ಅವನ ತಾಯಿ ಹೆತ್ತಾಗಲೂ ಅವನು ಉಪಯೋಗಕ್ಕೆ ಬರಲಿಲ್ಲ. ಹತ್ತು ಮೇಲೆ!"

ಹತ್ತಿದೆ. ಗೋಡೆಗೆ ಬೆನ್ನು ಕೊಟ್ಟು ಕೂತೆ. ರಿಗೋ ನನ್ನ ಎರಡು ಮೊಣಕಾಲಿನ ನಡುವೆ ಒರಗಿ ಕೂತಳು. ಅವಳ ತಲೆ ನನ್ನ ಎದೆಗೆ ತಾಗಿತು, ಕೂದಲು ಒದ್ದೆ. ಪ್ರತಿ ಸಲ ಅವಳು ತಿಣುಕಿದಾಗ ನನ್ನ ಕೈ ಹಿಡಿದು ಹಿಂಡುತ್ತಿದ್ದಳು. ನನಗೂ ಗೊತ್ತಿಲ್ಲದೆ ನಾನೂ ಉಸಿರು ಕಟ್ಟಿ ತಿಣುಕುತ್ತಿದ್ದೆ. ಮರೂಕ್ಲಜ್ಜಿ ನೋಡಿ ನಕ್ಕಳು. "ಇಬ್ಬರೂ ಹೆರ್ತಿದ್ದೀರಾ?"

ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ತಲೆ ಕಂಡಿತು. ಆಮೇಲೆ ಒಂದೇ ಸಲಕ್ಕೆ ಮಗು ಜಾರಿ ಬಂತು. ನೀಲಿ ಬಣ್ಣ. ಅಳಲಿಲ್ಲ. ಮರೂಕ್ಲಜ್ಜಿ ಕೊರಳಿಗೆ ಸುತ್ತಿದ್ದ ಬಳ್ಳಿ ಬಿಡಿಸಿ, ಕಾಲು ಹಿಡಿದು ತಟ್ಟಿದಳು. ಬಾಯಿಂದ ಅದರ ಮೂಗು ಹೀರಿ ಉಗಿದಳು. ಮತ್ತೆ ತಟ್ಟಿದಳು. ರಿಗೋ, "ಯಾಕೆ ಸುಮ್ಮನಿದೆ? ಅಕ್ಕಾ, ಯಾಕೆ ಸುಮ್ಮನಿದೆ?" ಅಂತ ಒಂದೇ ಸಮ ಕೇಳಿದಳು. ಆಮೇಲೆ ಬೆಕ್ಕನ್ನು ತುಳಿದ ಹಾಗೆ ಒಂದು ಸಣ್ಣ ದನಿ.

ಹೆಣ್ಣು.

ಬಳ್ಳಿ ಕತ್ತರಿಸಿ ಮಗುವನ್ನು ನನ್ನ ಕೈಗೆ ಕೊಟ್ಟಳು. ರಿಗೋಗೆ ರಕ್ತ ನಿಲ್ಲದೆ ಹರಿಯುತ್ತಿತ್ತು, ಅಜ್ಜಿ ಅತ್ತ ತಿರುಗಿದಳು. ಬೆಚ್ಚನೆಯ ನೀರಿಗೆ ದ್ರಾಕ್ಷಾರಸ ಹಾಕಿ ಮಗುವನ್ನು ನಾನೇ ತೊಳೆದೆ. ಬೆನ್ನಿನ ಮೇಲೆ ಹತ್ತಿಯಂಥ ರೋಮ. ನನ್ನ ಕಿರುಬೆರಳು ಹಿಡಿದುಕೊಂಡಿತು. ಅದಕ್ಕೇನು ಗೊತ್ತು ಯಾರ ಬೆರಳು ಅಂತ.

ಕೊನೆಗೂ ರಕ್ತ ನಿಂತಿತು. ರಿಗೋ ಸುಣ್ಣದ ಹಾಗೆ ಬಿಳಿಚಿದ್ದಾಳೆ.

ಫೆಬ್ರವರಿ 6, ಭಾನುವಾರ

ರಿಗೋಗೆ ಜ್ವರ. ನಿನ್ನೆಯಿಂದ ಮೈ ಕೆಂಡ. ರಸ್ತೆ ಸರಿಯಾಗಿಲ್ಲ, ಡಾಕ್ಟರು ಬಂದರಿನಿಂದ ಹೇಸರಗತ್ತೆಯ ಮೇಲೆ ಬಂದರು. ಗರ್ಭದಲ್ಲಿ ನಂಜಾಗಿದೆ, ಇಂಜೆಕ್ಷನ್ ಮುಗಿಯುವವರೆಗೆ ಮಗುವಿಗೆ ಮೊಲೆ ಕೊಡಬೇಡಿ ಅಂದರು. ಹಾಲು ಹಿಂಡಿ ಚೆಲ್ಲುತ್ತಿರಬೇಕಂತೆ, ಇಲ್ಲದಿದ್ದರೆ ಬತ್ತಿಹೋಗುತ್ತದಂತೆ.

ಡಬ್ಬಿಯ ಹಾಲಿನ ಪುಡಿ ಕೊಟ್ಟುಹೋದರು. ಕುದಿಸಿ ಆರಿಸಿದ ನೀರಿಗೆ ಕಲಸಿ ಬಾಟಲಿಯಲ್ಲಿ ಕುಡಿಸುತ್ತೇನೆ. ಎಲ್ಲ ನಾನೇ. ಕೂತರೆ ಎದ್ದೆ, ಎದ್ದರೆ ಕೂತೆ. ತಿಂದದ್ದು ನೆನಪಿಲ್ಲ. ನನಗೆ ಯಾಕೆ ಈ ಶಿಕ್ಷೆ?

ಕುಡಿದಾದ ಮೇಲೆ ಮಗು ತುಟಿಯ ಮೇಲೆ ಒಂದು ಹಾಲಿನ ಗುಳ್ಳೆ ಮಾಡುತ್ತದೆ.

ಫೆಬ್ರವರಿ 10, ಗುರುವಾರ

ಏಳರ ಶಾಸ್ತ್ರ ಮಾಡಿದೆವು. ಜ್ವರದವಳಿರುವ ಮನೆಯಲ್ಲಿ ಯಾಕೆ ಅಂತ ಮಿನಾಸ್ ಗೊಣಗಿದ. ಏಳನೆಯ ದಿನ ಮಗುವಿಗೆ ಯಾವ ಸಂತನ ಕಾವಲು ಅಂತ ಗೊತ್ತಾಗದಿದ್ದರೆ ಹೇಗೆ? ಹಿಟ್ಟನ್ನು ಬೆಣ್ಣೆಯಲ್ಲಿ ಬೇಯಿಸಿ, ಜೇನು ಸುರಿದು, ಬಂದವರಿಗೆಲ್ಲ ಬಡಿಸಿದೆ. ಏಳು ಮೇಣದ ಬತ್ತಿಗೆ ಏಳು ಸಂತರ ಹೆಸರಿಟ್ಟು ಹಚ್ಚಿದೆವು. ಕೊನೆಯವರೆಗೆ ಉರಿದದ್ದು ಸಂತ ಮರೀನಾಳದು. ಒಳ್ಳೆಯದೇ.

ಮಗುವನ್ನು ಎತ್ತಿಕೊಂಡು ನಾನು ನಡುಕಂಬದ ಹತ್ತಿರ ಕೂತೆ. ನನ್ನ ಮದುವೆಯ ರೇಷ್ಮೆ ಹೊದಿಸಿದ್ದೆ. ಹೆಂಗಸರು ಒಬ್ಬೊಬ್ಬರಾಗಿ ಪದ ಕಟ್ಟಿ ಹಾಡಿದರು. ಗಿರಣಿಯವಳು ನನ್ನ ಕಡೆ ನೋಡುತ್ತ ಪದ ಎತ್ತಿದಳು:

"ಹಿರಿಯಕ್ಕನ ಮಡಿಲಿಗೆ ಬಂದೆ, ಬೆಳಕಿನ ಹಣತೆಯೆ,
ಬರಿದಾದ ತೊಟ್ಟಿಲಿಗೆ ಇನ್ನು ನೀನೇ ಒಡತಿಯೆ."

ಎಲ್ಲರೂ ಭಲೇ ಅಂದರು. ಹರಸಿ ಹಾಡಿದ್ದನ್ನು ತಿದ್ದುವುದು ಮರ್ಯಾದೆಯಲ್ಲ. ಅಷ್ಟರಲ್ಲಿ ಅಟ್ಟಣೆಯ ಮೇಲಿಂದ, ಕಂಬಳಿಯೊಳಗಿಂದ, ಒಡೆದ ದನಿಯಲ್ಲಿ:

"ಮಡಿಲು ಯಾರದಾದರೇನು, ಮಲಗು ನನ್ನ ಕಂದಮ್ಮ,
ಹೊತ್ತವಳಿಗೆ ಗೊತ್ತು ಭಾರ, ಎತ್ತಿದವಳಿಗೇನಮ್ಮ."

ಆಮೇಲೆ ನಗು ನೋಡಬೇಕು! ಗಿರಣಿಯವಳಂತೂ ತೊಡೆ ತಟ್ಟಿಕೊಂಡು ನಕ್ಕಳು. ನನ್ನ ಕೆನ್ನೆ ಉರಿಯಿತು. ಹಗಲೂ ರಾತ್ರಿ ಬಟ್ಟೆ ಒಗೆಯುವವಳು ನಾನು, ಬಾಟಲಿ ಕುದಿಸುವವಳು ನಾನು. ಎತ್ತಿದವಳಿಗೇನಮ್ಮ!

ಫೆಬ್ರವರಿ 14, ಸೋಮವಾರ

ಇಂಜೆಕ್ಷನ್ ಮುಗಿದವು. ಜ್ವರ ಬಿಟ್ಟಿದೆ. ಡಾಕ್ಟರು ಹೋಗುವಾಗ ಬಾಗಿಲಲ್ಲಿ ಹೇಳಿದರು, "ಇವತ್ತಿನಿಂದಲೇ ಮೊಲೆ ಕೊಡಲಿ. ತಡ ಮಾಡಬೇಡಿ, ಹಾಲು ಬತ್ತುತ್ತೆ."

ಸಾಯಂಕಾಲ ರಿಗೋ ಕೇಳಿದಳು, "ಡಾಕ್ಟರು ಏನಂದ್ರು? ಮಗು ಕೊಡ್ತೀಯಾ?"

"ಇನ್ನೂ ಸ್ವಲ್ಪ ದಿನ ಬೇಡ ಅಂದ್ರು. ಮೈಯಲ್ಲಿ ಔಷಧಿ ಇರುತ್ತಂತೆ."

ಅವಳ ಮುಖ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಎದ್ದು ಕೂತರೆ ಬವಳಿ ಬರುವವಳು ಮಗುವನ್ನು ಕೈಜಾರಿಸಿಬಿಟ್ಟರೆ? ಒಂದೆರಡು ದಿನ ಮಲಗಲಿ ಪಾಪ. ಹಿಂಡುವುದಕ್ಕೆ ಬಟ್ಟಲನ್ನೂ ಕೊಡಲಿಲ್ಲ. ಸುಮ್ಮನೆ ನೋವು ಯಾಕೆ.

ನಮ್ಮ ಹುಡುಗಿ ಇವತ್ತು ದೀಪದ ಕಡೆ ತಲೆ ತಿರುಗಿಸಿದಳು.

ಫೆಬ್ರವರಿ 18, ಶುಕ್ರವಾರ

ಸೊಫಿಲ್ಲಾಳ ತೂಕ ಹೆಚ್ಚಿದೆ, ಎತ್ತಿದರೆ ಗೊತ್ತಾಗುತ್ತದೆ. ದೃಷ್ಟಿಯಾಗದಿರಲಿ ಅಂತ ತೊಟ್ಟಿಲಿಗೆ ಕಟ್ಟಲು ನೀಲಿ ಮಣಿ ಪೋಣಿಸಿದೆ. ಬಾವಿಯ ಹತ್ತಿರ ಕರೆದುಕೊಂಡು ಹೋದೆ, ಚೆನ್ನಾಗಿ ಸುತ್ತಿಕೊಂಡು. ನಲವತ್ತು ದಿನ ಹೊರಗೆ ಬರಬಾರದವಳು ತಾಯಿ, ಮಗುವಿಗೆ ಗಾಳಿ ಬೇಡವೇ? ಎಲ್ಲರೂ ಥು ಥು ಅಂತ ದೃಷ್ಟಿ ತೆಗೆದರು.

ಮಿನಾಸ್ ಊಟದ ಮಧ್ಯೆ ಚಮಚ ಕೆಳಗಿಟ್ಟು, "ಸೆವಸ್ತಿ, ಮಗು ಅವಳದು," ಅಂದ.

"ನಂದು ಅಂದ್ನಾ ನಾನು?"

"ಅನ್ನಲಿಲ್ಲ."

"ಮತ್ತೆ ತಿನ್ನು."

ತಿಂದ.

ಫೆಬ್ರವರಿ 21, ಸೋಮವಾರ

ಹೇಳಿಬಿಟ್ಟೆ. ಎಷ್ಟು ಹಗುರಾಯಿತು.

ರಿಗೋ ಎದ್ದು ಕಿಟಕಿಯ ಹತ್ತಿರ ಕೂತಿದ್ದಳು. ನಾನು ಅವಳ ತಲೆ ಬಾಚುತ್ತಿದ್ದೆ. ಚಿಕ್ಕಂದಿನಲ್ಲಿ ಅವಳು ನನ್ನ ತಲೆ ಬಾಚುತ್ತಿದ್ದಳು.

"ರಿಗೋ, ಕೋಪ ಮಾಡ್ಕೋಬೇಡ. ಮಗೂನ ಇಲ್ಲೇ ಬಿಡು."

ತಿರುಗಲಿಲ್ಲ. ನಾನೇ ಮುಂದುವರಿಸಿದೆ. "ನಿನ್ನಿಂದ ಕಿತ್ಕೋತೀನಿ ಅಂತಲ್ಲ. ನೀನೇ ತಾಯಿ, ಬೇಸಿಗೆಗೆ ಬಾ, ಹಬ್ಬಕ್ಕೆ ಬಾ. ಆದ್ರೆ ಬೆಳೆಯೋದು ಇಲ್ಲಿ ಬೆಳೀಲಿ. ಅಮ್ಮನ ಹೆಸರಿಡೋಣ. ಪಾದ್ರಿ ಮುಂದೆ ದತ್ತು ಮಾಡ್ಕೊಂಡ್ರೆ ಹಿರಿಯ ಮಗಳಾಗ್ತಾಳೆ. ಮನೆ, ಹೊಲ, ಆಲಿವ್ ಮರ, ನನ್ನ ಕೊರಳಿನ ಸರ, ಎಲ್ಲ ಅವಳಿಗೆ. ನಿನಗೆ ಸಿಗಲಿಲ್ಲ, ನಿನ್ನ ಮಗಳಿಗೆ ಸಿಗಲಿ. ಪಿರೇಯಸ್‌ನಲ್ಲಿ ನೆಲಮಾಳಿಗೆಯ ಬಾಡಿಗೆ ಮನೇಲಿ, ಗಂಡ ಸಮುದ್ರದ ಮೇಲೆ, ನೀನು ಹೋಟೆಲಲ್ಲಿ ಹಾಸಿಗೆ ಒದರ್ತಾ, ಅವಳಿಗೆ ಏನು ಕೊಡ್ತೀಯ?"

ಅಟ್ಟಣೆ, ಕಟಕಟೆ, ನಡುಕಂಬ, ಎಲ್ಲ ಒಂದು ಸಲ ಸುತ್ತ ನೋಡಿದಳು. ಆಮೇಲೆ, "ಈ ಮನೆ ಪೂರ್ತಿ ಅವಳಿಗಾ?" ಅಂದಳು.

"ಪೂರ್ತಿ."

"ಒಲೆಮನೇಲಿ ಯಾರನ್ನೂ ಮಲಗಿಸದ ಹಾಗೆ?"

"ಏನು ಮಾತು ಅಂತ ಆಡ್ತೀಯೆ?"

ಅವಳ ಕಣ್ಣು ತುಂಬಿತ್ತು. "ನಿಕಿತಾಸ್ ಶನಿವಾರ ಬರ್ತಾನೆ. ಅವನ ಹತ್ರ ಮಾತಾಡ್ತೀನಿ. ಅವಳಿಗೆ ಒಳ್ಳೇದಾಗುತ್ತೆ ಅಂದ್ರೆ ನಾನು ಅಡ್ಡ ಬರೋಳಲ್ಲ. ನೀನು ಅವಳನ್ನ ಹೇಗೆ ನೋಡ್ಕೋತಿದ್ದೀಯ ಅಂತ ಕಣ್ಣಲ್ಲೇ ನೋಡಿದ್ದೀನಲ್ಲ ಅಕ್ಕಾ. ನಂಗಿಂತ ಚೆನ್ನಾಗಿ."

ನಂಗಿಂತ ಚೆನ್ನಾಗಿ ಅಂದಳು. ಅವಳ ಬಾಯಿಂದಲೇ.

ಫೆಬ್ರವರಿ 22

ಒಲೆ ಹಚ್ಚಿ ಎಳ್ಳು ಹಾಕಿದ ರೊಟ್ಟಿ ಬೇಯಿಸಿದೆ. ತೊಟ್ಟಿಲ ಹೊದಿಕೆಗೆ ಅಂಚು ಹೊಲಿದೆ. ರಿಗೋಗೆ ಕೋಳಿ ಸಾರು. ಮಿನಾಸ್‌ಗೆ ಬೂಟು ಹೊಲಿಯಲು ಮಗುವಿನ ಕಾಲಿನ ಅಳತೆ ತೆಗೆ ಅಂತ ಹೇಳಿದೆ. ಇಷ್ಟು ಬೇಗ ಯಾಕೆ ಅಂದ. ಗಂಡಸರಿಗೆ ಏನೂ ತಿಳಿಯುವುದಿಲ್ಲ.

ಫೆಬ್ರವರಿ 24, ಗುರುವಾರ

ಮರೂಕ್ಲಜ್ಜಿ ಬಂದಳು. ಯಾರೂ ಕರೆದಿರಲಿಲ್ಲ. ಮಂಡಿ ಸ್ವಲ್ಪ ವಾಸಿಯಾಗಿದೆಯಂತೆ, ಬಾಣಂತಿಯನ್ನು ನೋಡಿಕೊಂಡು ಹೋಗೋಣ ಅಂತ.

ಕೂತವಳೇ ಕೇಳಿದಳು, "ಹಾಲು ಹೇಗಿದೆ ಮಗಳೇ?"

"ಇನ್ನೂ ಕೊಡಬಾರದಲ್ಲ ಅಜ್ಜಿ."

"ಯಾರಂದ್ರು?"

"ಡಾಕ್ಟರು. ಔಷಧಿ ಇರುತ್ತೆ ಮೈಯಲ್ಲಿ ಅಂತ."

"ಅದೇ ಡಾಕ್ಟರು ನನ್ನ ಮಂಡೀನೂ ನೋಡಿ ಹೋದ ಕಣೆ ಆವತ್ತು. ನಿಮ್ಮನೆಯಿಂದಲೇ ಬಂದಿದ್ದ, ಇವತ್ತಿಂದಲೇ ಮೊಲೆ ಕೊಡಲಿ ಅಂತ ಸೆವಸ್ತಿಗೆ ಹೇಳಿ ಬಂದಿದ್ದೀನಿ ಅಂದ." ಅಜ್ಜಿ ನನ್ನ ಕಡೆ ತಿರುಗಿದಳು. "ಏನೇ, ನಿನಗೆ ಕಿವಿ ಕೇಳಿಸಲಿಲ್ವಾ?"

ನಾನು ಬಾಟಲಿ ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ.

ರಿಗೋ ಅಂಗಿ ಬಿಚ್ಚಿ, ಮಗುವನ್ನು ತೊಟ್ಟಿಲಿನಿಂದ ತೆಗೆದುಕೊಂಡು, ಎದೆಗೆ ಹಿಡಿದಳು. ಮಗುವಿಗೆ ಗೊತ್ತಾಗಲಿಲ್ಲ. ಬಾಯಿ ಇಟ್ಟಿತು, ಎಳೆಯಿತು, ಬಿಟ್ಟಿತು, ಅತ್ತಿತು. ಮತ್ತೆ ಇಟ್ಟಳು. ಅಜ್ಜಿ ಹಿಂಡಿ ನೋಡಿದಳು, ಒಂದು ಹನಿ ಬಂತೋ ಇಲ್ಲವೋ. ಮಗು ಮುಖ ಕೆಂಪು ಮಾಡಿಕೊಂಡು ಕಿರುಚಿತು. ನಾನು ಬಾಟಲಿಗೆ ಹಾಲು ಕಲಸಿ ಹಿಡಿದು ನಿಂತಿದ್ದೆ.

"ಅದಕ್ಕೆ ಹಸಿವು," ಅಂದೆ.

ರಿಗೋ ನನ್ನನ್ನು ನೋಡಲಿಲ್ಲ. ಕೈ ಚಾಚಿದಳು. ಬಾಟಲಿ ಕೊಟ್ಟೆ. ತಾನೇ ಕುಡಿಸಿದಳು.

ಅಷ್ಟು ದೊಡ್ಡದು ಮಾಡುವಂಥದ್ದೇನು? ಡಬ್ಬಿಯ ಹಾಲಿನಲ್ಲಿ ಎಷ್ಟು ಮಕ್ಕಳು ಬೆಳೆದಿಲ್ಲ.

ಫೆಬ್ರವರಿ 26, ಶನಿವಾರ

ಹೋದಳು.

ರಸ್ತೆ ಸರಿಯಾಗಿದೆ, ನಿಕಿತಾಸ್ ಬೆಳಗ್ಗೆ ಲಾರಿಯಲ್ಲಿ ಬಂದ. ಎತ್ತರದ ಆಳು, ಬಾಗಿಲಿಗೆ ತಲೆ ತಾಗಿಸಿಕೊಂಡ. ಮಗಳನ್ನು ಎತ್ತಿಕೊಂಡು ಏನೂ ತೋಚದೆ ನಗುತ್ತಲೇ ಇದ್ದ. ಕಾಫಿ ಮಾಡಲು ಹೊರಟೆ. "ಕಾಫಿ ಬೇಡ, ಲಾರಿ ನಿಂತಿದೆ," ಅಂದಳು ರಿಗೋ. ಚೀಲ ಆಗಲೇ ಕಟ್ಟಿಟ್ಟಿದ್ದಳು.

"ನಲವತ್ತು ದಿನ ಆಗಿಲ್ಲ ಕಣೆ. ಹೊರಗೆ ಕಾಲಿಡಬಾರದು. ಪಾದ್ರಿ ಪ್ರಾರ್ಥನೆ ಆಗಿಲ್ಲ."

"ಪಿರೇಯಸ್‌ನಲ್ಲೂ ಪಾದ್ರಿ ಇದ್ದಾರೆ."

"ನೀನು ಮಾತು ಕೊಟ್ಟಿದ್ದೆ."

ಆಗ ನಿಂತಳು. ಜಗಳ ಆಡಿದ್ದರೆ ನಾನೂ ಆಡುತ್ತಿದ್ದೆ. ಮೆತ್ತಗೆ ಹೇಳಿದಳು, "ಅಕ್ಕಾ, ನಾನು ಯಾಕೆ ಬಂದೆ ಗೊತ್ತಾ? ಆಸ್ಪತ್ರೆ ಹೆದರಿಕೆಗಲ್ಲ. ಹತ್ತೊಂಬತ್ತು ವರ್ಷ ಆಗೋವರೆಗೂ ಈ ಮನೇಲಿ ನಿಮ್ಮೆಲ್ಲರ ಬಟ್ಟೆ ಒಗೆದೆ. ಒಂದು ಸಲ, ಒಂದೇ ಸಲ, ಯಾರಾದ್ರೂ ನಂದೂ ಒಗೀಲಿ ಅಂತ ಆಸೆಯಾಯ್ತು. ನೀನು ಒಗೆದೆ. ನನ್ನ ರಕ್ತದ ಬಟ್ಟೆ ಒಗೆದೆ, ತಲೆ ಬಾಚಿದೆ, ಬಾಯಿಗೆ ಸಾರು ಹಾಕಿದೆ. ಜ್ವರದಲ್ಲಿ ಮಲಗಿ ದೇವರಿಗೆ ಕೈ ಮುಗಿದೆ ಕಣೆ, ಅಕ್ಕ ಸಿಕ್ಕಿದಳು ಅಂತ. ಮಗೂನ ಕೊಟ್ಟೇಬಿಡ್ತಿದ್ದೆ."

"ಮತ್ತೆ ಕೊಡು."

ಯಾಕೆ ಹಾಗಂದೆನೋ.

"ಮನೆ ತಗೊಂಡೆ, ಹೊಲ ತಗೊಂಡೆ, ನನ್ನ ಎದೆಹಾಲನ್ನೂ ತಗೊಂಡೆ," ಅಂದಳು. "ಅಮ್ಮನ ಹೆಸರೂ ನೀನೇ ಇಟ್ಕೋ. ನನ್ನ ಮಗಳಿಗೆ ಬೇಡ."

ಲಾರಿ ಚರ್ಚಿನ ತಿರುವಿನವರೆಗೂ ಕಂಡಿತು. ಮಗುವಿನ ಟೋಪಿ ಸರಿಯಾಗಿ ಕಟ್ಟಿರಲಿಲ್ಲ. ಕೂಗಿ ಹೇಳಿದೆ, ಗಾಳಿಗೆ ಕೇಳಿಸಿತೋ ಇಲ್ಲವೋ.

ಮಾರ್ಚ್ 2

ಅಟ್ಟಣೆಯ ಹಾಸಿಗೆ ಒಗೆದು ಒಣಗಿಸಿದೆ. ಮಿನಾಸ್ ಅಲ್ಲಿಗೆ ಹತ್ತಿ ಮಲಗಿದ. ನಾನು ಒಲೆಮನೆಯಲ್ಲೇ ಮಲಗುತ್ತೇನೆ. ಮೆಟ್ಟಿಲು ಹತ್ತಿದರೆ ಸೊಂಟ ನೋಯುತ್ತದೆ.

ಮಾರ್ಚ್ 13

ಏನೂ ಇಲ್ಲ.

ಬಾವಿಯ ಹತ್ತಿರ ಗಿರಣಿಯವಳು ಕೇಳಿದಳು, "ಮಗು ಹೇಗಿದೆ?" ನಮ್ಮ ಹುಡುಗಿ ಚೆನ್ನಾಗಿದ್ದಾಳೆ ಅಂದೆ. ಎಲ್ಲರೂ ಕೊಡ ತುಂಬಿಕೊಳ್ಳುವುದರಲ್ಲಿ ಮುಳುಗಿಬಿಟ್ಟರು.

ಏಪ್ರಿಲ್ 14, ಗುರುವಾರ

ಚರ್ಮ ಕೊಳ್ಳಲು ಪಿರೇಯಸ್‌ಗೆ ಹೋಗಿದ್ದ ಮಿನಾಸ್ ವಾಪಸ್ ಬಂದ. ಚರ್ಮ ಅಂಗಡಿಯಲ್ಲಿ ಇಳಿಸಿ, ಕೈ ತೊಳೆದು, ಊಟಕ್ಕೆ ಕೂತ. ನಾನು ಕೇಳಲಿಲ್ಲ. ಅರ್ಧ ಊಟ ಆದ ಮೇಲೆ ಅವನೇ, "ಅಲ್ಲಿಗೆ ಹೋಗಿದ್ದೆ," ಅಂದ.

"ಒಳಗೆ ಕರೆದಳಾ?"

"ಕರೆದಳು. ಮೊಟ್ಟೆ ಕರಿದು ಕೊಟ್ಟಳು."

"ಮಗು?"

"ದುಂಡಗಿದೆ. ನಗುತ್ತೆ. ಡಬ್ಬಿಯ ಹಾಲೇ ಕುಡಿಯುತ್ತೆ." ರೊಟ್ಟಿಯಲ್ಲಿ ತಟ್ಟೆ ಒರೆಸಿದ. "ನಿನ್ನ ವಿಷಯ ಕೇಳಿದಳು."

ಕೈಯಲ್ಲಿದ್ದ ನೀರಿನ ಹೂಜಿ ಇಟ್ಟೆ. "ಏನಂತ?"

"ರಾತ್ರಿಯಾದ್ರೆ ಅಳುತ್ತಂತೆ. ಏನು ಮಾಡಿದ್ರೂ ನಿಲ್ಲಿಸಲ್ವಂತೆ. ನಿಕಿತಾಸ್ ಮತ್ತೆ ಹಡಗಿಗೆ ಹೋಗಿದ್ದಾನೆ, ಒಬ್ಬಳೇ. ಕಣ್ಣ ಕೆಳಗೆಲ್ಲ ಕಪ್ಪಾಗಿದೆ. ಒಲೆಮನೇಲಿ ಅಕ್ಕ ಅದನ್ನ ಎತ್ತಿಕೊಂಡು ಓಡಾಡ್ತಾ ಏನೋ ಹಾಡ್ತಿದ್ದಳು, ತಕ್ಷಣ ಸುಮ್ಮನಾಗ್ತಿತ್ತು, ಮೇಲೆ ಮಲಗಿದ್ದ ತನಗೆ ದನಿ ಮಾತ್ರ ಕೇಳಿಸ್ತಿತ್ತು, ಪದ ತಿಳೀತಿರಲಿಲ್ಲ, ಅದು ಯಾವ ಹಾಡು ಅಂತ ಅಕ್ಕನ್ನ ಕೇಳಿ ಫೋನ್ ಮಾಡಿ ಹೇಳು ಅಂದಳು."

ಹಾಡೆಲ್ಲಿತ್ತು? ನನಗೆ ಹಾಡು ಬರುವುದಿಲ್ಲ. ನಾನು ಬೈಯುತ್ತಿದ್ದೆ. ಮಗುವನ್ನು ಭುಜಕ್ಕೆ ಹಾಕಿಕೊಂಡು, ಅದರ ಕಿವಿಯ ಹತ್ತಿರ, ಒಂದೇ ಸಮನೆ, ಮೆತ್ತಗೆ, ಅದರ ತಾಯಿಯನ್ನು ಬೈಯುತ್ತಿದ್ದೆ. ನೋಡು ನಿಮ್ಮಮ್ಮ ಎಂಥವಳು, ಬೆಂಕಿಗೆ ಸೌದೆ ತರುವವಳು ಯಾರು, ಬಟ್ಟೆ ಒಗೆಯುವವಳು ಯಾರು, ಮಹಾರಾಣಿ ಮಲಗಿದ್ದಾಳೆ, ಹೇಳದೆ ಓಡಿಹೋದವಳು, ಮದುವೆಗೂ ಕರೆಯದವಳು. ಅದು ನಿದ್ದೆ ಹೋಗುವವರೆಗೂ. ಕೆಲವು ಸಲ ನಿದ್ದೆ ಹೋದ ಮೇಲೂ.

ಮಿನಾಸ್ ಕಾಯುತ್ತಿದ್ದ. ಇದನ್ನು ಅವನಿಗೆ ಹೇಗೆ ಹೇಳುವುದು? ನೆನಪಿಲ್ಲ ಅಂತ ಹೇಳು ಅಂದೆ. ತಲೆಯಾಡಿಸಿ ಟೋಪಿ ಹಾಕಿಕೊಂಡ. ಬಾಗಿಲವರೆಗೆ ಹೋದವನನ್ನು ಮತ್ತೆ ಕರೆದೆ.

"ಹಾಡು ಗೀಡು ಏನೂ ಬೇಡ ಅಂತ ಹೇಳು. ಭುಜಕ್ಕೆ ಹಾಕ್ಕೊಂಡು ಓಡಾಡ್ತಾ, ಕಿವಿ ಹತ್ರ, ದನಿ ಏರಿಸದೆ, ನನ್ನನ್ನ ಬೈಲಿ. ಮನಸ್ಸಿಗೆ ಬಂದದ್ದೆಲ್ಲ. ನಿಲ್ಲಿಸಬಾರದು, ಅಷ್ಟೇ. ಮಲಗುತ್ತೆ."

ಅವನು ನನ್ನನ್ನೇ ನೋಡಿದ. "ಹೀಗೇ ಹೇಳಲಾ?"

"ಹೀಗೇ ಹೇಳು. ಅವಳಿಗೆ ಮಾತಿಗೇನೂ ಕೊರತೆಯಾಗಲ್ಲ."

ಫೋನ್ ಮಾಡಲು ಹೋದ. ಮಗುವಿಗೆ ಏನು ಹೆಸರಿಟ್ಟರು ಅಂತ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.